ಮುಸ್ತಫಾ ಯಾರ ಪಾಲಿಗೆ?

ನಮ್ಮೂರ ಬಸ್ ನಿಲ್ದಾಣದ ಹಿಂದೆ, ಸೈಕಲ್ ರಿಪೇರಿಯ ಅಂಗಡಿಗೂ ಜ್ಯೂಸ್ ಅಂಗಡಿಗೂ ನಡುವೆ ಒಂದು ಕತ್ತಲೆ ಕೋಣೆಯಿತ್ತು. ಬಾಗಿಲಿಗೆ ನೀಲಿ ಪರದೆ. ಒಳಗೆ ನಾಲ್ಕು ವಿಡಿಯೋ ಗೇಮ್ ಪೆಟ್ಟಿಗೆಗಳು. ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ಕರಾವಳಿಯ ಆ ಸಣ್ಣ ಪೇಟೆಯಲ್ಲಿ ಹೈಸ್ಕೂಲು ಓದುತ್ತಿದ್ದ ನಾವು ಒಂಬತ್ತು ಮಂದಿ ನಮ್ಮ ಸಂಜೆಗಳನ್ನೆಲ್ಲ ಕಳೆದದ್ದು ಅಲ್ಲಿ. ನಾಲ್ವರು ಬ್ಯಾರಿಗಳು, ನಾಲ್ವರು ಹಿಂದೂಗಳು, ಒಬ್ಬ ಕೊಂಕಣಿ ಮಾತಾಡುವ ಕ್ರೈಸ್ತ. ಆದರೆ ಈ ಲೆಕ್ಕ ಈಗ ಹಾಕುತ್ತಿರುವುದು. ಆಗ ನಮ್ಮಲ್ಲಿದ್ದ ಲೆಕ್ಕ ಒಂದೇ: ಯಾರ ಜೇಬಿನಲ್ಲಿ ಎಷ್ಟು ಒಂದು ರೂಪಾಯಿಯ ನಾಣ್ಯಗಳಿವೆ?

ನಾವು ಆಡುತ್ತಿದ್ದ ಆಟದ ಹೆಸರು 'ಮುಸ್ತಫಾ'. ಅದರ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್', 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಹೊರತಂದದ್ದು, ಅಮೆರಿಕದ ಮಾರ್ಕ್ ಶುಲ್ಟ್ಸ್ ಎಂಬವರ ಕಾಮಿಕ್ಸನ್ನು ಆಧರಿಸಿದ್ದು ಎಂಬುದೆಲ್ಲ ನಮಗೆ ತಿಳಿದದ್ದು ಮೀಸೆ ನರೆಯಲು ಶುರುವಾದ ಮೇಲೆ. ಆಟದಲ್ಲಿ ನಾಲ್ವರು ವೀರರಿದ್ದರು. ಜ್ಯಾಕ್ ಎಲ್ಲದರಲ್ಲೂ ಹದ. ಮೆಸ್ ಎಂಬ ದಡಿಯನದ್ದು ಬಲ. ಹ್ಯಾನಾ ಎಂಬವಳದ್ದು ಕೈಚಳಕ. ತಲೆಗೆ ಹಳದಿ ಟೋಪಿ ಇಟ್ಟ ಮುಸ್ತಫಾ ಕೈರೋನದ್ದು ವೇಗ. ಓಡಿ ಬಂದು ಹಾರಿ ಒದೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದ್ದರಿಂದ ಎಲ್ಲರಿಗೂ ಅವನೇ ಬೇಕು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೇ ಬರೆದಿರಲಿ, ಹುಡುಗರು ತಮ್ಮ ವೀರನ ಹೆಸರನ್ನೇ ಆಟಕ್ಕೆ ಇಟ್ಟರು. ಹೀಗೆ ಇಟ್ಟದ್ದು ನಮ್ಮೂರಲ್ಲಿ ಮಾತ್ರವಲ್ಲ. ಭಾರತದ ಅನೇಕ ಊರುಗಳಲ್ಲಿ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ಕೂಡ ಆ ಆಟವನ್ನು ಜನ ಇಂದಿಗೂ ಗುರುತಿಸುವುದು ಇದೇ ಹೆಸರಿನಿಂದ. ಯಾರೂ ಸಭೆ ಸೇರಿ ತೀರ್ಮಾನಿಸಿದ್ದಲ್ಲ. ಒಬ್ಬರನ್ನೊಬ್ಬರು ಕಂಡೇ ಇರದ ಲಕ್ಷಾಂತರ ಹುಡುಗರಿಗೆ ಒಂದೇ ಹೆಸರು ಹೊಳೆದದ್ದು ಹೇಗೆ ಎಂದು ನಾವು ಈಗಲೂ ಬೆರಗಾಗುತ್ತೇವೆ.

ಆಟದಲ್ಲಿ ಮೂವರು ಒಟ್ಟಿಗೆ ಆಡುವ ವ್ಯವಸ್ಥೆಯಿತ್ತಂತೆ. ನಮ್ಮ ಪೆಟ್ಟಿಗೆಗೆ ಇದ್ದದ್ದು ಎರಡೇ ಸ್ಟಿಕ್. ಹಾಗಾಗಿ ದಿನವೂ ಜಗಳ: "ಮುಸ್ತಫಾ ಯಾರಿಗೆ?" ಭಟ್ಟರ ಮನೆಯ ಹುಡುಗ ಶಾಲೆಯ ಗಂಟೆ ಬಾರಿಸುವ ಮೊದಲೇ ಚೀಲ ಹೆಗಲಿಗೇರಿಸುತ್ತಿದ್ದ, ಮುಸ್ತಫಾನಿಗಾಗಿ. ನಮ್ಮಲ್ಲೇ ಒಬ್ಬ, "ಅವನು ನಮ್ಮವನು ಮಾರಾಯ, ನನಗೆ ಬಿಡು" ಅಂದರೆ ಅವನ ಉತ್ತರ ಸಿದ್ಧವಿತ್ತು: "ನಿಮ್ಮವನಾದರೆ ಮನೆಗೆ ಕರ್ಕೊಂಡು ಹೋಗು. ಇಲ್ಲಿ ರೂಪಾಯಿ ಹಾಕಿದವನಿಗೆ." ಅಂಗಡಿಯ ಕಾಕ ನಗುತ್ತಾ ಚಿಲ್ಲರೆ ಎಣಿಸುತ್ತಿದ್ದರು.

ಹ್ಯಾನಾಳನ್ನು ಮಾತ್ರ ಯಾರೂ ಆರಿಸುತ್ತಿರಲಿಲ್ಲ. ಹುಡುಗಿ ಆಡಿದರೆ ಗೇಲಿ ಮಾಡುತ್ತಾರೆಂಬ ಭಯ. ಆ ನೀಲಿ ಪರದೆಯ ಒಳಗೆ ನಮ್ಮ ಅಕ್ಕತಂಗಿಯರು ಒಮ್ಮೆಯೂ ಕಾಲಿಡಲಿಲ್ಲ. ಅದು ನಮಗಾಗ ವಿಚಿತ್ರವೆಂದು ತೋರಿರಲೂ ಇಲ್ಲ.

ಒಂದು ಸಂಜೆಯ ಘಟನೆಯನ್ನು ಹೇಳಲೇಬೇಕು. ಭಟ್ಟರ ಹುಡುಗ ಕಡೆಯ ಹಂತದವರೆಗೆ ಹೋಗಿದ್ದ. ಒಟ್ಟು ಎಂಟು ಹಂತ, ಕೊನೆಯಲ್ಲಿ ಫೆಸೆಂಡನ್ ಎಂಬ ದುಷ್ಟ ವಿಜ್ಞಾನಿ. ಇನ್ನೇನು ಗೆದ್ದ ಅನ್ನುವಾಗ ಪ್ರಾಣ ಹೋಯಿತು. ಹುಡುಗ ತಲೆ ಚಚ್ಚಿಕೊಂಡು ಕಿರುಚಿದ: "ಅಯ್ಯೋ, ಮುಸ್ತಫಾ ಸತ್ತ! ಮುಸ್ತಫಾನನ್ನು ಕೊಂದುಬಿಟ್ಟರು!" ಪರದೆ ಸರಿಯಿತು. ಬಾಗಿಲಲ್ಲಿ ಮದ್ರಸದ ಉಸ್ತಾದರು ನಿಂತಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದವರಿಗೆ ಕೂಗು ಕೇಳಿಸಿತ್ತು.

"ಯಾವ ಮುಸ್ತಫಾ?" ಎಂದರು. ಹುಡುಗ ನಡುಗುವ ಬೆರಳಿನಿಂದ ಪೆಟ್ಟಿಗೆಯನ್ನು ತೋರಿಸಿದ. ಉಸ್ತಾದರು ಬಗ್ಗಿ ನೋಡಿದರು. "ಇವನ ಕೆಲಸವೇನು?" "ಕಳ್ಳಸಾಗಣೆಯವರನ್ನು ಹೊಡೀತಾನೆ ಉಸ್ತಾದ್. ಕಾಡಿನ ಪ್ರಾಣಿಗಳನ್ನು ಕೊಲ್ಲುವವರನ್ನು." ಉಸ್ತಾದರು ಸ್ವಲ್ಪ ಹೊತ್ತು ಯೋಚಿಸಿದರು. "ಕೆಲಸ ಒಳ್ಳೆಯದೇ. ಆದರೆ ಆ ಹೆಸರು ನಮ್ಮ ಪ್ರವಾದಿಯವರದ್ದು (ಸ). ಆಯ್ಕೆಯಾದವರು ಅಂತ ಅರ್ಥ. ಸತ್ತ, ಕೊಂದರು ಅಂತ ಬೀದಿಗೆ ಕೇಳುವ ಹಾಗೆ ಕೂಗಬೇಡ ಮಗಾ. ಔಟ್ ಅನ್ನು." ಆಮೇಲೆ ನಮ್ಮ ನಾಲ್ವರ ಕಡೆ ತಿರುಗಿ, "ಅಸರ್ ನಮಾಝ್ ಆಗಿ ಎಷ್ಟು ಹೊತ್ತಾಯಿತು?" ಎಂದು ಕೇಳಿದರು. ನಾಲ್ವರೂ ಓಡಿದೆವು.

ಮರುದಿನದಿಂದ ಆ ಕೋಣೆಯಲ್ಲಿ ಯಾರೂ ಸಾಯಲಿಲ್ಲ. ಎಲ್ಲರೂ 'ಔಟ್' ಆದರು. ಈ ನಿಯಮವನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸಿದವನು ಭಟ್ಟರ ಹುಡುಗನೇ. ಬೇರೆ ಶಾಲೆಯ ಹುಡುಗರು ಬಂದು ಬಾಯಿತಪ್ಪಿ 'ಸತ್ತ' ಅಂದರೆ ಅವನೇ ತಿದ್ದುತ್ತಿದ್ದ.

ಶತಮಾನ ತಿರುಗುವ ಹೊತ್ತಿಗೆ ಪೆಟ್ಟಿಗೆಗಳು ಹೋಗಿ ಪ್ಲೇಸ್ಟೇಷನ್ ಬಂತು. ನಾವು 'ಟೆಕ್ಕನ್ 3'ಕ್ಕೆ ದಾಟಿದೆವು. ಅಲ್ಲಿ ಜಗಳದ ವಿಷಯ ಬೇರೆ. ಬ್ರೆಜಿಲಿನ ಎಡ್ಡಿ ಗೋರ್ಡೋ ಎಂಬ ಪಾತ್ರ ಹಿಡಿದವನು ಗೆದ್ದರೆ ಅದು ಗೆಲುವೇ ಅಲ್ಲ. ಕಣ್ಣುಮುಚ್ಚಿ ಗುಂಡಿ ಒತ್ತಿದರೂ ಅವನು ಕುಣಿದು ಒದೆಯುತ್ತಾನೆ ಎಂಬುದು ನಮ್ಮ ಸಿದ್ಧಾಂತ. ಎಡ್ಡಿಯ ಅಭಿಮಾನಿ ನಮ್ಮಲ್ಲೊಬ್ಬನಿದ್ದ. ಇಪ್ಪತ್ತು ವರ್ಷ ಕಳೆದರೂ ಅವನಿಗೆ ನಾವು ಈ ವಿಷಯದಲ್ಲಿ ಕ್ಷಮೆ ಕೊಟ್ಟಿಲ್ಲ.

ಮುಂದೆ ಒಬ್ಬೊಬ್ಬರು ಒಂದೊಂದು ಕಡೆ ಚದರಿದೆವು. ದಮಾಮ್, ದುಬೈ, ಬೆಂಗಳೂರು, ಊರಿನ ಮೀನು ಮಾರುಕಟ್ಟೆ. ಮೊಬೈಲ್ ಬಂದ ಮೇಲೆ ಒಂಬತ್ತು ಮಂದಿಯೂ ಮತ್ತೆ ಒಂದು ಗುಂಪಾದೆವು. ಸಂಸಾರ, ಸಾಲ, ಸಕ್ಕರೆ ಕಾಯಿಲೆಗಳ ನಡುವೆಯೂ ಅಲ್ಲಿ ನಡೆಯುತ್ತಿದ್ದುದು ಆಟದ ಮಾತೇ. ಬಿಸಿ ಚರ್ಚೆಗಳೂ ಆದವು. 2008ರಲ್ಲಿ ಸೋನಿ ಕಂಪನಿ 'ಲಿಟಲ್‌ಬಿಗ್‌ಪ್ಲಾನೆಟ್' ಎಂಬ ಆಟದ ಬಿಡುಗಡೆಯನ್ನೇ ಮುಂದೂಡಿತ್ತು. ಅದರೊಳಗಿನ ಒಂದು ಹಾಡಿನಲ್ಲಿ ಕುರ್‌ಆನಿನ ಸಾಲುಗಳಿದ್ದವು. ಆ ಹಾಡು ಮಾಲಿ ದೇಶದ ತುಮಾನಿ ಜಾಬಾತೆ ಎಂಬ ಮುಸ್ಲಿಮ್ ಸಂಗೀತಗಾರನದ್ದು. 2012ರಲ್ಲಿ 'ಕಾಲ್ ಆಫ್ ಡ್ಯೂಟಿ'ಯ ಒಂದು ನಕ್ಷೆಯನ್ನು ತೆಗೆದು ಸರಿಪಡಿಸಬೇಕಾಯಿತು. ಅದರಲ್ಲಿ ಪವಿತ್ರ ವಚನವಿದ್ದ ಚೌಕಟ್ಟನ್ನು ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ್ದರು. ಈ ಎರಡನ್ನೂ ಮುಂದಿಟ್ಟುಕೊಂಡು ನಾವು ವಾರಗಟ್ಟಲೆ ವಾದಿಸಿದ್ದೇವೆ. ಬಚ್ಚಲಿನದ್ದು ತಪ್ಪು ಎಂಬುದರಲ್ಲಿ ಒಂಬತ್ತೂ ಮಂದಿ ಒಂದು. ಹಾಡಿನ ವಿಷಯದಲ್ಲಿ ಮಾತ್ರ ನಾವು ನಾಲ್ವರು ಬ್ಯಾರಿಗಳೇ ಎರಡು ಪಾಲು. ಭಕ್ತಿಯಿಂದ ಹಾಡಿದ್ದನ್ನು ತೆಗೆಯಬೇಕಿರಲಿಲ್ಲ ಎಂದು ಇಬ್ಬರು, ಆಟದ ಗದ್ದಲದಲ್ಲಿ ಅದು ಬೇಡವೇ ಬೇಡ ಎಂದು ಇಬ್ಬರು. ನಮ್ಮ ಕೊಂಕಣಿ ಗೆಳೆಯ, "ನೀವು ನಾಲ್ವರು ಮೊದಲು ಒಂದಾಗಿ, ಆಮೇಲೆ ನಮ್ಮ ಹತ್ತಿರ ಬನ್ನಿ" ಎಂದು ತಮಾಷೆ ಮಾಡಿದ. ಯಾರಿಗೂ ನೋವಾಗಲಿಲ್ಲ. ಶೂಟಿಂಗ್ ಆಟಗಳಲ್ಲಿ ಅರಬಿ ಮಾತಾಡುವವನು ಯಾಕೆ ಯಾವಾಗಲೂ ಗುಂಡು ತಿನ್ನುವವನೇ ಆಗಿರುತ್ತಾನೆ ಎಂಬ ಪ್ರಶ್ನೆಯನ್ನು ಮೊದಲು ಎತ್ತಿದವನು ಕೂಡ ನಮ್ಮ ಭಟ್ಟರ ಹುಡುಗನೇ. "ನಮ್ಮ ಮುಸ್ತಫಾನಂಥವನು ಆಮೇಲೆ ಯಾಕೆ ಹುಟ್ಟಲಿಲ್ಲ?" ಎಂದು ಕೇಳಿದ್ದ.

ಇಷ್ಟೆಲ್ಲ ಹೇಳಿದ್ದು 2019ರ ಫೆಬ್ರವರಿಯ ಮಾತಿಗೆ ಬರಲು.

ಆ ತಿಂಗಳ 14ರಂದು ಪುಲ್ವಾಮಾದಲ್ಲಿ ಸಿ.ಆರ್.ಪಿ.ಎಫ್.ನ 40 ಯೋಧರು ಆತ್ಮಾಹುತಿ ದಾಳಿಗೆ ಬಲಿಯಾದರು. ಅವರಲ್ಲಿ ಮಂಡ್ಯ ಜಿಲ್ಲೆಯ ಯೋಧರೊಬ್ಬರೂ ಇದ್ದರು. ನಮ್ಮ ಗುಂಪು ಅಂದು ಆಟದ ಮಾತಾಡಲಿಲ್ಲ. ಮೊದಲು ಸಂತಾಪ ಬರೆದವನು ದಮಾಮಿನಲ್ಲಿದ್ದ ನಮ್ಮ ಗೆಳೆಯ. ಮೂರು ದಿನಗಳ ಬಳಿಕ, 17ರಂದು, ಜಪಾನಿನ ಫುಕುವೋಕಾದಲ್ಲಿ ನಡೆದ 'ಈವೋ ಜಪಾನ್' ಪಂದ್ಯಾವಳಿಯ ಟೆಕ್ಕನ್ ವಿಭಾಗವನ್ನು ಲಾಹೋರಿನ ಅರ್ಸ್‌ಲಾನ್ ಆ್ಯಶ್ ಎಂಬ ಯುವಕ ಗೆದ್ದ. ಹೊರಗಿನವರಿಗೆ ಅವನ ಹೆಸರೇ ಗೊತ್ತಿರಲಿಲ್ಲ. ವೀಸಾ ಮತ್ತು ವಿಮಾನಗಳ ತೊಡಕುಗಳನ್ನು ದಾಟಿ, ಬಳಲಿ, ಹೇಗೋ ಅಲ್ಲಿಗೆ ತಲುಪಿದ್ದವನು. ಅದೇ ವರ್ಷದ ಆಗಸ್ಟಿನಲ್ಲಿ ಲಾಸ್ ವೇಗಸ್‌ನಲ್ಲಿ ಕೊರಿಯದ ಪ್ರಸಿದ್ಧ ಆಟಗಾರ 'ನೀ'ಯನ್ನು ಸೋಲಿಸಿ ಅಲ್ಲಿಯ ಪ್ರಶಸ್ತಿಯನ್ನೂ ಪಡೆದ.

ದಮಾಮಿನ ಗೆಳೆಯ ರಾತ್ರಿ ಬರೆದ: "ಲಾಹೋರಿನ ಹುಡುಗ ಗೆದ್ದ. ಇಂಥ ಆಟ ನಾನು ಜನ್ಮದಲ್ಲಿ ನೋಡಿಲ್ಲ ಮಾರಾಯ್ರೇ."

ಐದು ನಿಮಿಷದೊಳಗೆ ಉತ್ತರ ಬಂತು. ಬರೆದವನು ಭಟ್ಟರ ಹುಡುಗ. "ನೀನು ಯಾರ ಕಡೆ?"

ಅಷ್ಟೇ. ಮೂರು ಪದ. ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಅವನ ಭಾವ ಅರೆಸೇನಾ ಪಡೆಯಲ್ಲಿದ್ದರು. ಆ ಮೂರು ದಿನ ಅವನ ಅಕ್ಕ ನಿದ್ದೆ ಮಾಡಿರಲಿಲ್ಲ. ಲಾಹೋರ್ ಎಂಬ ಪದವನ್ನು ಕಂಡು ಅವನಿಗೆ ಸಿಟ್ಟು ಬಂದದ್ದು ನಮಗೆ ಅರ್ಥವಾಗುತ್ತದೆ. ಆದರೆ ಅವನು, "ಇದು ಸಮಯವಲ್ಲ" ಎಂದು ಬರೆದಿದ್ದರೆ ಅದು ಅಭಿಪ್ರಾಯವಾಗುತ್ತಿತ್ತು. ಬರೆದದ್ದು ಪರೀಕ್ಷೆಯ ಪ್ರಶ್ನೆ. ಅದಕ್ಕೆ ಉತ್ತರಿಸಿದರೂ ಸೋಲು, ಉತ್ತರಿಸದಿದ್ದರೂ ಸೋಲು. ಅದೇ ಮಾತನ್ನು ನಮ್ಮ ಕೊಂಕಣಿ ಗೆಳೆಯ ಬರೆದಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ ಎಂಬುದು ಒಂಬತ್ತು ಮಂದಿಗೂ ಗೊತ್ತಿತ್ತು.

ಉಳಿದ ನಾವು ಏಳು ಮಂದಿ ಏನು ಮಾಡಿದೆವು? ಏನೂ ಮಾಡಲಿಲ್ಲ. ಓದಿದ್ದಕ್ಕೆ ಸಾಕ್ಷಿಯಾಗಿ ನೀಲಿ ಗುರುತುಗಳು ಮೂಡಿದವು. ನಮ್ಮಲ್ಲಿ ಮೂವರು ಮುಸ್ಲಿಮರು, ಮಾತಾಡಿದರೆ ಮುಂದಿನ ಪ್ರಶ್ನೆ ತಮಗೇ ಬಂದೀತೆಂದು ಹೆದರಿದರು. ಉಳಿದ ನಾಲ್ವರು, ಇದು ಅವರಿಬ್ಬರ ವಿಷಯ, ತಾನಾಗಿ ತಣ್ಣಗಾಗುತ್ತದೆ ಎಂದುಕೊಂಡರು. ಬೆಳಿಗ್ಗೆ ಒಬ್ಬ ಎಂದಿನಂತೆ ಗುಲಾಬಿ ಹೂವಿನ ಶುಭೋದಯ ಹಾಕಿದ. ಮಧ್ಯಾಹ್ನದ ಹೊತ್ತಿಗೆ ದಮಾಮಿನ ಗೆಳೆಯ ಗುಂಪು ಬಿಟ್ಟಿದ್ದ.

ನಾಲ್ಕು ವರ್ಷ ಅವನು ಮರಳಲಿಲ್ಲ. ಗುಂಪಿನಲ್ಲಿ ಮಾತು ನಡೆಯಿತು. ಆದರೆ ಎಲ್ಲರೂ ಬೆರಳನ್ನು ಅಳೆದು ಇಡತೊಡಗಿದೆವು. ಎಡ್ಡಿಯ ಬಗ್ಗೆ ಕೂಡ ಯಾರೂ ಕೆಣಕುತ್ತಿರಲಿಲ್ಲ. ಕೆಣಕಲು ಧೈರ್ಯವಿಲ್ಲದ ಗೆಳೆತನ ಎಷ್ಟು ಬಡವಾದದ್ದು ಎಂದು ನಮಗೆ ಆಗ ತಿಳಿಯಿತು.

2023ರಲ್ಲಿ ಅವನು ರಜೆಯಲ್ಲಿ ಬಂದಾಗ, ಹೋಗುವುದೋ ಬೇಡವೋ ಎಂದು ಎರಡು ದಿನ ಲೆಕ್ಕ ಹಾಕಿ, ಕೊನೆಗೆ ಎಂಟೂ ಮಂದಿ ಅವನ ಮನೆಗೆ ಹೋದೆವು. ಚಹಾ ಬಂತು, ಪೋಡಿ ಬಂತು. ಮಳೆ, ಅಡಿಕೆ ದರ, ವಿಮಾನದ ಟಿಕೆಟು ಎಲ್ಲವೂ ಮಾತಿಗೆ ಬಂದು ಹೋದವು. ಕೊನೆಗೆ ಭಟ್ಟರ ಹುಡುಗ, ಈಗ ಅವನೂ ನಲವತ್ತು ದಾಟಿದವನು, ಲೋಟ ಕೆಳಗಿಟ್ಟು ಹೇಳಿದ: "ಅವತ್ತು ನಾನು ಹಾಗೆ ಕೇಳಬಾರದಿತ್ತು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನಿನಗೆ ಸಿಟ್ಟು ಬಂದಿತ್ತು, ಕೇಳಿದೆ. ನನಗೂ ಸಮಯಪ್ರಜ್ಞೆ ಇರಲಿಲ್ಲ. ನಾನು ಬಿಟ್ಟು ಹೋದದ್ದು ನೀನು ಕೇಳಿದ್ದಕ್ಕಲ್ಲ." ಆಮೇಲೆ ನಮ್ಮ ಏಳೂ ಮಂದಿಯ ಮುಖ ನೋಡಿದ. "ಒಂದು ರಾತ್ರಿ ಪೂರ್ತಿ ಕಾದೆ. ಇವರಲ್ಲಿ ಒಬ್ಬನಾದರೂ ಏನಾದರೂ ಹೇಳಿಯಾನು ಅಂತ."

ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯದ 11ನೇ ಸೂಕ್ತವು ಒಂದು ಗುಂಪು ಇನ್ನೊಂದು ಗುಂಪನ್ನು ಅಪಹಾಸ್ಯ ಮಾಡುವುದನ್ನು, ಅಡ್ಡಹೆಸರುಗಳಿಂದ ಕರೆಯುವುದನ್ನು ತಡೆಯುತ್ತದೆ. ಅದನ್ನು ನಾವು ಮದ್ರಸದಲ್ಲೇ ಕಲಿತಿದ್ದೆವು. ಹಾಗಾದರೆ ಇಷ್ಟು ವರ್ಷ ನಾವು ಆಡಿದ ಗೇಲಿಯೆಲ್ಲ ತಪ್ಪೇ? ಹಾಗೆನಿಸುವುದಿಲ್ಲ. ಎಡ್ಡಿ ಹಿಡಿದವನನ್ನು ನಗೆಯಾಡಿದಾಗ ಅವನೂ ನಮ್ಮೊಡನೆ ನಗುತ್ತಿದ್ದ; ಮುಂದಿನ ರೂಪಾಯಿಯಲ್ಲಿ ಸೇಡು ತೀರಿಸಿಕೊಳ್ಳುವ ಅವಕಾಶ ಅವನಿಗಿತ್ತು. ಒಬ್ಬ ಏನು ಆಡಿದ ಎಂಬುದನ್ನು ಗೇಲಿ ಮಾಡುವುದು ಬೇರೆ, ಅವನು ಯಾರು ಎಂಬುದನ್ನು ಚುಚ್ಚುವುದು ಬೇರೆ. ಮೊದಲನೆಯದನ್ನು ಅವನು ಬದಲಾಯಿಸಬಲ್ಲ. ಎರಡನೆಯದನ್ನು ಬದಲಾಯಿಸಲಾರ, ಬದಲಾಯಿಸಬೇಕಾಗಿಯೂ ಇಲ್ಲ. ಈ ಗೆರೆ ಎಲ್ಲಿದೆ ಎಂದು ನಮಗೆಲ್ಲರಿಗೂ ಗೊತ್ತು. ಯಾರಾದರೂ ಅದನ್ನು ದಾಟಿದಾಗ, "ಇದು ಸರಿಯಲ್ಲ ಮಾರಾಯ" ಎಂಬ ನಾಲ್ಕಕ್ಷರ ಹೇಳಲು ಮಾತ್ರ ನಮ್ಮ ಬೆರಳು ಏಳುವುದಿಲ್ಲ. ಅಂದು ನೀಲಿ ಪರದೆ ಸರಿಸಿದ ಉಸ್ತಾದರು ಹೋರಾಟ ಮಾಡಲಿಲ್ಲ, ಯಾರನ್ನೂ ಅವಮಾನಿಸಲೂ ಇಲ್ಲ. ಸುಮ್ಮನೆ ದಾಟಿ ಹೋಗಲೂ ಇಲ್ಲ. ಒಳಗೆ ಬಂದು, ವಿಷಯವೇನೆಂದು ಕೇಳಿ, ಒಂದು ಪದವನ್ನು ಬದಲಿಸಿ ಹೋದರು. ನಮ್ಮ ಕೈಲಾಗದೆ ಹೋದದ್ದು ಅಷ್ಟೇ.

ಆ ಸಂಜೆ ನಾವು ಏಳುವ ಹೊತ್ತಿಗೆ ಗೆಳೆಯನ ಮಗ ಟೀವಿಗೆ ಏನೋ ಜೋಡಿಸಿದ್ದ. ಪರದೆಯ ಮೇಲೆ ಆ ನಾಲ್ಕು ಮುಖಗಳು. ಎರಡೇ ಕಂಟ್ರೋಲರು. ಹುಡುಗ ಕೇಳಿದ: "ಯಾರಿಗೆ ಯಾವುದು?" ಒಂಬತ್ತು ಮಂದಿ ನರೆತವರು ಪುನಃ ಜಗಳಕ್ಕೆ ನಿಂತೆವು. ಕೊನೆಗೆ ಗೆಳೆಯ ಮುಸ್ತಫಾನನ್ನು ಭಟ್ಟರ ಹುಡುಗನ ಕೈಗೆ ಕೊಟ್ಟು, ತಾನು ಹ್ಯಾನಾಳನ್ನು ತೆಗೆದುಕೊಂಡ. ಅವನ ಮಗಳು ಹಿಂದೆ ನಿಂತು, "ಉಪ್ಪಾ, ಹಾಗಲ್ಲ, ಹೀಗೆ ಒತ್ತಿ" ಎಂದು ಹೇಳಿಕೊಡುತ್ತಿದ್ದಳು.

ಎರಡನೇ ಹಂತದಲ್ಲೇ ಮುಸ್ತಫಾನ ಪ್ರಾಣ ಮುಗಿಯಿತು. ಕೈಯ ವೇಗ ಮೊದಲಿನಂತಿರಲಿಲ್ಲ.

"ಔಟ್!" ಎಂದೆವು ಒಂಬತ್ತೂ ಮಂದಿ, ಒಟ್ಟಿಗೆ. ಮಕ್ಕಳಿಬ್ಬರೂ ನಮ್ಮ ಮುಖ ನೋಡಿದರು, ಕ್ರಿಕೆಟ್ ಆಡುತ್ತಿದ್ದಾರೋ ಎಂಬಂತೆ.