ಬುಡ ಬಿಟ್ಟು ಹೊಡೆ

ಮಳೆ ಹೊಳವಾಯಿತೆಂದರೆ ನಮ್ಮ ಹೊಸನಗರ ಸೀಮೆಯಲ್ಲಿ ಬೆಳಗಾಗುವುದೇ ಹುಲ್ಲು ಹೊಡೆಯುವ ಮಿಷನ್ನಿನ ಸದ್ದಿನಿಂದ. ದರೆಯ ಆಚೆ ಒಂದು ಚಾಲೂ ಆದರೆ ಹಳ್ಳದ ಈಚೆ ಇನ್ನೊಂದು ದನಿಗೂಡಿಸುತ್ತದೆ. ಕೊನೆ ಕೊಯ್ಲಿಗೆ ಮೊದಲು ತೋಟ ಹಸನಾಗಬೇಕು. ಉದುರಿದ ಹಣ್ಣಡಿಕೆ ಕಣ್ಣಿಗೆ ಬೀಳಬೇಕು, ಕೊನೆ ಹೊರುವವರ ಕಾಲಬುಡದಲ್ಲಿ ಹಾವಿದ್ದರೆ ಕಾಣಬೇಕು. ಅಂಗಡಿಯವರು ಬಿಲ್ಲಿನಲ್ಲಿ ಬ್ರಶ್ ಕಟರ್ ಎಂದು ಬರೆಯುತ್ತಾರೆ, ಕೆಲವರು ವೀಡ್ ಕಟರ್ ಎನ್ನುತ್ತಾರೆ. ಊರಲ್ಲಿ ಅದು ಬರೀ ಮಿಷನ್. ‘ನಾಳೆ ಮಿಷನ್ನಿನವ ಬರ್ತಾನೆ’ ಅಂದರೆ ಯಾವ ಮಿಷನ್ ಎಂದು ಯಾರೂ ಕೇಳುವುದಿಲ್ಲ.

ನನ್ನ ತಂಗಿಯ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಇದೇ ಕಸುಬು ಹಿಡಿಯುತ್ತೇನೆಂದ. ತೋಟದ ಕಳೆ, ಹೋಂಸ್ಟೇಗಳ ಹುಲ್ಲುಹಾಸು, ಶಾಲೆಯ ಮೈದಾನ, ದೇವಸ್ಥಾನದ ಸುತ್ತು, ಎಲ್ಲವನ್ನೂ ಗಂಟೆ ಲೆಕ್ಕದಲ್ಲಿ ಮಾಡಿಕೊಡುವುದು ಅವನ ಯೋಚನೆ. ತಂಗಿಗೆ ಬೇಸರವಾಯಿತು. ನನಗೆ ನಿಜವಾಗಿ ಸಂತೋಷವಾಯಿತು. ಕೆಲಸಕ್ಕೆ ಜನ ಸಿಗದೆ ಹಾಳುಬೀಳುತ್ತಿರುವ ತೋಟಗಳನ್ನು ಕಣ್ಣಾರೆ ನೋಡುತ್ತಿರುವವನು ನಾನು. “ಮಾವ, ಯಾವ್ದು ತಗೊಳ್ಲಿ?” ಎಂದು ಅವನು ಮೊಬೈಲು ಮುಂದೆ ಹಿಡಿದ. ಅದರಲ್ಲಿ ಹತ್ತು ಮಿಷನ್ನಿನ ಚಿತ್ರಗಳು, ಸಿಸಿ, ಎಚ್‌ಪಿ, ದರ. “ಮೊದಲು ತೋಟಕ್ಕೆ ಬಾ,” ಎಂದೆ.

ಅವನಿಗೆ ತೋರಿಸಬೇಕಾಗಿದ್ದದ್ದು ಮೂರು ಅಡಿಕೆ ಮರ. ಹಿಂದಿನ ವರ್ಷದವರೆಗೂ ಆ ಮೂರಕ್ಕೂ ತಲೆಯೆತ್ತರ ದಾಟಿ ಮೇಲೇರಿದ ಕಾಳುಮೆಣಸಿನ ಬಳ್ಳಿಗಳಿದ್ದವು. ಹುಲ್ಲು ಹೊಡೆಸಿ ಎಂಟು ದಿನ ಕಳೆದಿರಲಿಲ್ಲ, ಎಲೆಗಳು ಜೋತುಬಿದ್ದವು. ನನ್ನ ಎದೆ ಧಸಕ್ಕೆಂದಿತು. ಮಲೆನಾಡಿನಲ್ಲಿ ಮೆಣಸಿನ ಬಳ್ಳಿ ಹಾಗೆ ಜೋತರೆ ಮೊದಲು ನೆನಪಾಗುವುದು ಸೊರಗು ರೋಗ. ಒಂದು ಬಳ್ಳಿಗೆ ಬಂದರೆ ಸಾಲಿಗೇ ಹರಡುತ್ತದೆ. ಸುಣ್ಣ ಕರಗಿಸಿ, ಮೈಲುತುತ್ತ ಕಲಸಿ, ಬೋರ್ಡೋ ದ್ರಾವಣದ ಬಕೆಟ್ಟು ಹಿಡಿದು ಹೋದೆ. ಬುಡಕ್ಕೆ ಸುರಿಯಲೆಂದು ದರಕು ಸರಿಸಿದಾಗ ಕಂಡಿತು: ನೆಲದಿಂದ ನಾಲ್ಕು ಬೆರಳು ಮೇಲೆ, ಇಲಿ ಕಡಿದ ಹಾಗೆ, ಸಿಪ್ಪೆ ಸುತ್ತಲೂ ಹರಿದು ಒಳಗಿನ ಬಿಳಿ ನಾರು ಹೊರಬಿದ್ದಿತ್ತು. ಬ್ಲೇಡು ತಾಗಿದ್ದರೆ ಒಂದೇ ಏಟಿಗೆ ತುಂಡಾಗುತ್ತಿತ್ತು. ಇದು ನೈಲಾನ್ ದಾರದ ಕೆಲಸ. ಎರಡನೆಯ ಮರದಲ್ಲಿಯೂ ಅದೇ, ಮೂರನೆಯದರಲ್ಲಿಯೂ ಅದೇ. ಹೊಡೆದವನಿಗೆ ಗೊತ್ತೂ ಆಗಿರಲಿಕ್ಕಿಲ್ಲ. ಎದೆಮಟ್ಟ ಬೆಳೆದ ಹುಲ್ಲಿನೊಳಗೆ ಬಳ್ಳಿಯ ಬುಡವೂ ಹಸಿರೇ.

ಈ ದಾರದ ಮಿಷನ್ ಹುಟ್ಟಿದ ಕಥೆ ಓದಿದ ಮೇಲೆ ನನಗೆ ಆ ಮೂರು ಬಳ್ಳಿಗಳ ಸಂಕಟ ಇನ್ನೂ ಹೆಚ್ಚಾಯಿತು. ಅಮೆರಿಕದ ಟೆಕ್ಸಸ್ಸಿನ ಹ್ಯೂಸ್ಟನ್ನಿನಲ್ಲಿ ಜಾರ್ಜ್ ಬಾಲಸ್ ಎಂಬವರಿದ್ದರು. ಡಾನ್ಸ್ ಸ್ಟುಡಿಯೋ ನಡೆಸಿದವರು. ಮನೆಯಂಗಳದ ಮರಗಳ ಬುಡದ ಹುಲ್ಲನ್ನು ತೊಗಟೆಗೆ ಪೆಟ್ಟಾಗದ ಹಾಗೆ ತೆಗೆಯುವುದು ಹೇಗೆಂಬುದು ಅವರ ಚಿಂತೆ. 1970ರ ದಶಕದ ಆರಂಭದಲ್ಲಿ ಒಮ್ಮೆ ಕಾರು ತೊಳೆಸಲು ಹೋದಾಗ, ತಿರುಗುವ ಬ್ರಶ್ಶುಗಳು ಕಾರಿನ ಬಣ್ಣ ಕೆಡಿಸದೆ ಮೂಲೆ ಮೂಲೆಯ ಕೊಳೆ ತೆಗೆಯುವುದನ್ನು ಕಂಡರು. ಮನೆಗೆ ಬಂದು ತಗಡಿನ ಡಬ್ಬಿಯೊಂದಕ್ಕೆ ಮೀನಿನ ಗಾಳದ ದಪ್ಪ ದಾರ ಪೋಣಿಸಿ, ಅದನ್ನು ಹುಲ್ಲಿನ ಅಂಚು ಕತ್ತರಿಸುವ ಯಂತ್ರಕ್ಕೆ ಬಿಗಿದು ತಿರುಗಿಸಿದರು. ಕೈಯಲ್ಲಿ ಮೆತ್ತಗೆ ಬಾಗುವ ದಾರ ಆ ವೇಗದಲ್ಲಿ ಕತ್ತಿಯಂತೆ ನೆಟ್ಟಗಾಯಿತು, ಹುಲ್ಲು ಕತ್ತರಿಸಿತು. ವೀಡ್ ಈಟರ್ ಎಂಬ ಹೆಸರಿನಲ್ಲಿ ಅದು ಲೋಕವೆಲ್ಲ ಹರಡಿತು. ಬಾಲಸ್ ತೀರಿಕೊಂಡದ್ದು 2011ರಲ್ಲಿ. ಅಂದರೆ ಮರದ ತೊಗಟೆ ಉಳಿಯಲಿ ಎಂದೇ ಹುಟ್ಟಿದ ದಾರ ಅದು. ಬಲಿತ ಮರಕ್ಕೆ ಅದು ಮೃದುವೇ ಇರಬಹುದು. ಮೆಣಸಿನ ಬಳ್ಳಿಗೆ, ಎರಡು ವರ್ಷದ ಅಡಿಕೆ ಸಸಿಗೆ, ಎಳೆಯ ಜಾಯಿಕಾಯಿ ಗಿಡಕ್ಕೆ ಅಲ್ಲ. ಸಿಪ್ಪೆ ಸುತ್ತಲೂ ಹೋಯಿತೆಂದರೆ ಎಲೆಯ ಅನ್ನ ಬೇರಿಗೆ ಇಳಿಯುವುದಿಲ್ಲ.

ಇಷ್ಟು ಹೇಳಿದರೆ ‘ಹಾಗಾದರೆ ಕಳೆನಾಶಕ ಹೊಡೆಸಿ’ ಎನ್ನುವವರಿದ್ದಾರೆ. ನಾನು ಅದಕ್ಕೆ ಒಪ್ಪುವವನಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ನಮ್ಮಲ್ಲೂ ಕಡಿಮೆಯೇನಲ್ಲ. ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸಿರುವುದೇ ಹುಲ್ಲಿನ ಬೇರು. ಮಿಷನ್ ಹೊಡೆದರೆ ತಲೆ ಹೋಗುತ್ತದೆ, ಬೇರು ಉಳಿಯುತ್ತದೆ. ಕೊಚ್ಚಿದ ಹುಲ್ಲು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಔಷಧಿ ಹೊಡೆದ ದರೆ ಒಂದೇ ಮಳೆಗಾಲದಲ್ಲಿ ಕುಸಿದು ಅಗಳ ಸೇರಿದ್ದನ್ನು ನಾನು ನೋಡಿದ್ದೇನೆ.

ಮಿಷನ್ ಕೊಳ್ಳಲು ಶಿವಮೊಗ್ಗಕ್ಕೆ ಹೋಗುವ ಮೊದಲು ಹುಡುಗನನ್ನು ಪೇಟೆಯ ಮೆಕ್ಯಾನಿಕ್ಕಿನ ಬಳಿ ಕರೆದೊಯ್ದೆ. ಕೊಳ್ಳುವವರು ಅಂಗಡಿಯಿಂದ ಶುರುಮಾಡಬಾರದು, ರಿಪೇರಿಯವನಿಂದ ಶುರುಮಾಡಬೇಕೆಂಬುದು ನನ್ನ ಅಭಿಪ್ರಾಯ. ಅವನ ಅಂಗಡಿಯ ಗೋಡೆಯಲ್ಲಿ ಯಾವ ಕಂಪನಿಯ ಸ್ಟಾರ್ಟರ್ ಹಗ್ಗ, ಕ್ಲಚ್ಚು, ಕಾರ್ಬೊರೇಟರು ನೇತಾಡುತ್ತಿದೆಯೋ ಆ ಮಿಷನ್ನು ಕೆಟ್ಟರೆ ಮಧ್ಯಾಹ್ನದೊಳಗೆ ಎದ್ದುನಿಲ್ಲುತ್ತದೆ. ಗೋಡೆಯಲ್ಲಿ ಇಲ್ಲದ್ದು ಪಾರ್ಸೆಲ್ ಬರುವವರೆಗೆ ಮೂಲೆ ಸೇರುತ್ತದೆ, ಹಂಗಾಮು ಕಳೆದುಹೋಗುತ್ತದೆ. ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂದು ಹುಡುಗ ಕೇಳಿದ. ಮೆಕ್ಯಾನಿಕ್ ಒಂದು ಪಿಸ್ಟನ್ ತೆಗೆದು ಅವನ ಅಂಗೈಯಲ್ಲಿಟ್ಟ. ಬದಿಯುದ್ದಕ್ಕೂ ಉಗುರಿನಿಂದ ಗೀರಿದಂಥ ಗೆರೆಗಳು. “ಆಯಿಲ್ ಮರೆತು ಬರೀ ಪೆಟ್ರೋಲ್ ಹಾಕಿದ್ರು,” ಎಂದ. ಟೂ ಸ್ಟ್ರೋಕಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಲೇಬೇಕು. ಐವತ್ತಕ್ಕೊಂದು ಅಳತೆಯಾದರೆ ಲೀಟರಿಗೆ 20 ಮಿ.ಲೀ. ಇಂಜಿನ್ನು ಹಗುರ, ಏರು ಹತ್ತಲು ಸಲೀಸು, ಬಿಚ್ಚಿ ಜೋಡಿಸುವುದೂ ಸುಲಭ. ಫೋರ್ ಸ್ಟ್ರೋಕಿನಲ್ಲಿ ಬೆರಕೆಯ ತಲೆನೋವಿಲ್ಲ. ಸದ್ದು ತಗ್ಗಿದ್ದು, ಪೆಟ್ರೋಲು ಕಡಿಮೆ ಸಾಕು. ಆದರೆ ಭಾರ ಸ್ವಲ್ಪ ಹೆಚ್ಚು. ಹೋಂಡಾದ ಜಿಎಕ್ಸ್ 35ರಂಥ 35.8 ಸಿಸಿಯ ಇಂಜಿನ್ನಿನಲ್ಲಿ ಹಿಡಿಸುವ ಆಯಿಲ್ ಹೆಚ್ಚುಕಡಿಮೆ 100 ಮಿ.ಲೀ. ಮಾತ್ರ. 50 ಗಂಟೆಗೊಮ್ಮೆ ಬದಲಿಸಬೇಕು. ಮನೆಬಳಕೆಗೆ ಅದು ವರ್ಷದ ಮಾತು. ದಿನಕ್ಕೆ ಆರು ಗಂಟೆ ದುಡಿಯುವವನಿಗೆ ಒಂಬತ್ತನೆಯ ದಿನವೇ ಬಂದುಬಿಡುತ್ತದೆ. ಹುಡುಗ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಬರೆದುಕೊಳ್ಳುವ ಹುಡುಗ ಆಯಿಲ್ ಮರೆಯಲಾರ ಎಂದು ನನಗೆ ಧೈರ್ಯ ಬಂತು.

ಬ್ಯಾಟರಿಯದು ಹೋಂಸ್ಟೇ ಅಂಗಳಕ್ಕೆ ಚಂದ. ಕರೆಂಟು ನೆಚ್ಚಿಕೊಳ್ಳಲಾಗದ ಊರಿನಲ್ಲಿ ಹೊಟ್ಟೆಪಾಡಿಗೆ ಸದ್ಯಕ್ಕೆ ಬೇಡವೆಂದುಕೊಂಡೆವು.

ಶಿವಮೊಗ್ಗದ ಅಂಗಡಿಯಲ್ಲಿ ಬೆನ್ನಿಗೆ ಹಾಕುವ ಮಿಷನ್ನೂ ಇತ್ತು. ದರೆಯ ಏರಿಳಿತಕ್ಕೆ ಅದೇ ಅನುಕೂಲ, ಇಂಜಿನ್ನು ಬೆನ್ನ ಮೇಲಿದ್ದರೆ ಕೈ ಹಗುರ. ಆದರೆ ನಮ್ಮ ಕಡೆ ಪೊದೆಯಲ್ಲಿ ಕಡಜದ ಗೂಡಿರುತ್ತದೆ. ಎದ್ದವೆಂದರೆ ಆ ಕ್ಷಣವೇ ಮಿಷನ್ ಎಸೆದು ಓಡಬೇಕು. ಎರಡೂ ಭುಜಕ್ಕೆ ಬಿಗಿದ ಇಂಜಿನ್ನಿನಿಂದ ತೋಳು ಬಿಡಿಸಿಕೊಳ್ಳುವಷ್ಟು ಹೊತ್ತು ಕಡಜ ಕಾಯುವುದಿಲ್ಲ. ಪಕ್ಕಕ್ಕೆ ತೂಗುಹಾಕುವ ಮಿಷನ್ನಿನ ಪಟ್ಟಿಯಲ್ಲಿ ಎಳೆದರೆ ಕಳಚುವ ಕೊಂಡಿಯೊಂದಿತ್ತು. ಅದನ್ನು ನಾಲ್ಕು ಸಲ ಎಳೆಸಿ ನೋಡಿದೆ. ಆಮೇಲೆ ಮಿಷನ್ ತೂಗುಹಾಕಿಸಿ ಕಾಲು ಗಂಟೆ ಹಾಗೇ ನಿಲ್ಲಿಸಿದೆ. ಕೊಂಡಿ ಬಲ ಸೊಂಟಕ್ಕಿಂತ ಒಂದು ಅಂಗೈ ಕೆಳಗೆ ಬರಬೇಕು, ಕೈಬಿಟ್ಟರೂ ತುದಿ ನೆಲಕ್ಕೆ ಸ್ವಲ್ಪ ಮೇಲೆ ತಾನೇ ತೂಗುತ್ತಿರಬೇಕು. ಮೊದಲು ಭುಜ ವಾರೆಯಾಯಿತು. ಪಟ್ಟಿ ಎರಡು ರಂಧ್ರ ಬಿಗಿದ ಮೇಲೆ ಮುಖ ಸಡಿಲವಾಯಿತು. ಹುಡುಗನ ಮುಖ ನೋಡಿಯೇ “ಇದು” ಎಂದೆ. ಪಕ್ಕಕ್ಕೆ ತೂಗುವ ಫೋರ್ ಸ್ಟ್ರೋಕು. ದಾರದ ತಲೆ, ಬ್ಲೇಡು ಎರಡೂ. ಕನ್ನಡಕ, ಕಿವಿಗೆ ಮುಚ್ಚುವುದು, ಮೊಣಕಾಲಿನ ಗಾರ್ಡು ನನ್ನ ಲೆಕ್ಕದಲ್ಲಿ.

ಯಾವುದಕ್ಕೆ ಯಾವುದು ಎಂಬುದನ್ನು ಬಸ್ಸಿನಲ್ಲಿ ಬರುವಾಗ ಮಾತಾಡಿಕೊಂಡೆವು. ತೋಟದ ಮೆದು ಹುಲ್ಲಿಗೆ ದಾರ. ಕಮ್ಯುನಿಸ್ಟ್ ಗಿಡ, ಲಂಟಾನಕ್ಕೆ ಬ್ಲೇಡು. ಅದರ ಮುಂದಿನ ಬಲ ಅಂಚು ಕೊರಡಿಗೆ ತಾಗಿದರೆ ಮಿಷನ್ ಒದೆಯುತ್ತದೆ, ಅಲ್ಲಿ ಹುಷಾರು. ದನಕ್ಕೆ ಹುಲ್ಲು ಕೊಯ್ಯುವ ಬೇಣದಲ್ಲಿ ದಾರ ಬೇಡವೇ ಬೇಡ. ಸವೆದ ನೈಲಾನಿನ ಚೂರು ಹುಲ್ಲಿನ ಜೊತೆ ದನದ ಹೊಟ್ಟೆಗೆ ಹೋಗುವುದು ನನಗೆ ಸಹಿಸಲಾಗದ ವಿಷಯ. ಅಷ್ಟಾದರೂ ಬಳ್ಳಿಯ ಬುಡದ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಅಂಗಡಿಯಲ್ಲಿ ಸಾಮಾನು ಇರಲಿಲ್ಲ.

ಅದು ಸಿಕ್ಕಿದ್ದು ಮನೆಯಲ್ಲಿ. ಮೂವತ್ತು ವರ್ಷದಿಂದ ನಮ್ಮ ತೋಟಕ್ಕೆ ಬರುತ್ತಿರುವ ಹೆಂಗಸೊಬ್ಬರಿದ್ದಾರೆ. ಅವರ ಕತ್ತಿಗೆ ಕಣ್ಣಿದೆ. ಬಸಿಗಾಲುವೆಯ ಅಂಚಿನ ಒಂದೆಲಗ, ದರೆಯ ನೆಲನೆಲ್ಲಿ ಒಂದನ್ನೂ ಕೊಯ್ಯದೆ ಹುಲ್ಲಷ್ಟನ್ನೇ ತೆಗೆಯುತ್ತಾರೆ. ಮಿಷನ್ ಬಂದ ಮೇಲೆ ಅವರ ಕೆಲಸ ಕಡಿಮೆಯಾಗಿತ್ತು. ಹುಡುಗ ತಾನೇ ಹೋಗಿ ಮಾತಾಡಿದ. ಅವರು ಮುಂದೆ ಹೋಗಿ ಪ್ರತಿ ಬಳ್ಳಿ, ಪ್ರತಿ ಸಸಿಯ ಸುತ್ತ ಒಂದು ಗೇಣು ಬುಡ ಬಿಡಿಸುವುದು, ಇವನು ಹಿಂದಿನಿಂದ ಹೊಡೆಯುತ್ತ ಬರುವುದು, ಅವರ ಕೂಲಿಯೂ ಸೇರಿ ಇವನ ದರ. ದರ ಜಾಸ್ತಿಯಾಯಿತೆಂದು ಕೆಲವರು ಕೊಸರಾಡಿದರು. ನನ್ನ ಮೂರು ಬಳ್ಳಿಯ ಸುದ್ದಿ ಗೊತ್ತಿದ್ದವರು ಕೊಸರಾಡಲಿಲ್ಲ.

ಮೊದಲ ದಿನದ ಕೆಲಸ ನಮ್ಮ ತೋಟದ್ದೇ. ಬಿಡಿಸಿದ ಬುಡದ ದುಂಡು ಕಣ್ಣಿಗೆ ಬಿದ್ದಲ್ಲೆಲ್ಲ ಹುಡುಗ ವೇಗ ತಗ್ಗಿಸುತ್ತಿದ್ದ. ಅಷ್ಟು ದೂರದಿಂದಲೂ ಸದ್ದು ಇಳಿದದ್ದು ಕೇಳುತ್ತಿತ್ತು. ಸಂಜೆ ಮಿಷನ್ ಒರೆಸಿಟ್ಟು, ಮರುದಿನಕ್ಕೆ ಬೇಕಾದಷ್ಟು ದಾರ ಅಳೆದು ಕತ್ತರಿಸಿ, ಬಾವಿಕಟ್ಟೆಯ ಬಕೆಟ್ಟಿನಲ್ಲಿ ಮುಳುಗಿಸಿದ. ಒಣಗಿದ ನೈಲಾನು ಪಟಪಟ ಮುರಿಯುತ್ತದೆ, ರಾತ್ರಿಯಿಡೀ ನೀರು ಕುಡಿದರೆ ಬಳುಕುತ್ತದೆ. ಕೈಕಾಲು ತೊಳೆಯಲು ಬಂದ ಆ ಹೆಂಗಸು ಬಗ್ಗಿ ನೋಡಿದರು.

“ಇದ್ನೂ ನೆನೆಹಾಕ್ತಾರಾ ತಮ್ಮಾ?”

“ಹೌದು ಅಮ್ಮ, ನಾಳೆ ಎರಡೆಕರೆ ಇದೆ. ಏಳು ಗಂಟೆಗೇ ಬನ್ನಿ.”

ಅವರು ಬಾವಿಕಟ್ಟೆಯ ಕಲ್ಲಿಗೆ ನೀರು ಚಿಮುಕಿಸಿ ಕತ್ತಿ ಮಸೆಯತೊಡಗಿದರು.