ದಂಡಿಗೆ ನೀರುಣಿಸಿದ ಕೆರೆಗಳು

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಬಸ್ಸು ಡಾಬಸ್‌ಪೇಟೆಯಲ್ಲಿ ನಿಂತಾಗ ಕಡಲೆಕಾಯಿ, ಸೌತೆಕಾಯಿ ಮಾರುವವರು ಕಿಟಕಿಯ ಹತ್ತಿರ ಓಡಿ ಬರುತ್ತಾರೆ. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಊರಿನ ಹೆಸರು ಯಾರದೆಂದು ಮಾತ್ರ ಬಹಳ ಕಾಲ ಕೇಳಿಕೊಂಡಿರಲಿಲ್ಲ. ಅದು ರಿಚರ್ಡ್ ಸ್ಟೂವರ್ಟ್ ಡಾಬ್ಸ್ ಎಂಬ ಮದರಾಸು ಸೈನ್ಯದ ಅಧಿಕಾರಿಯದು. ಮೈಸೂರು ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿದ್ದಾಗ ಆತ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ. ಈ ತುಮಕೂರು ಸೀಮೆಯೂ ಆಗ ಅದೇ ವಿಭಾಗಕ್ಕೆ ಸೇರಿತ್ತು. ಅವನ ಮೇಲಿದ್ದ ಕಮಿಷನರ್ ಮಾರ್ಕ್ ಕಬ್ಬನ್ ಕೂಡ ಅದೇ ಸೈನ್ಯದವನು. 1834ರಿಂದ 1861ರವರೆಗೆ ಮೈಸೂರನ್ನು ಆಳಿದವನು. 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟುವ ತನಕ ರಸ್ತೆಯ ಸಾಲುಮರದಿಂದ ಕೆರೆ ಏರಿಯ ಮಣ್ಣಿನವರೆಗೆ ಎಲ್ಲದರ ಮೇಲೂ ಇಂಥ ಸಿಪಾಯಿ ದೊರೆಗಳ ಕಣ್ಣಿರುತ್ತಿತ್ತು.

ಒಂದು ದಿನ ಇದೇ ದಾರಿಯಲ್ಲಿ ನಾನು ಹೊರಟದ್ದು ಕೆರೆ ನೋಡುವುದಕ್ಕಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಹೆಲಿಕಾಪ್ಟರ್ ಕಟ್ಟುವ ಜಾಗ ಹೇಗಿದೆ, ಹೊರಗಿನಿಂದಾದರೂ ನೋಡಿ ಬರೋಣ ಎಂಬ ಕುತೂಹಲ, ಅಷ್ಟೆ. ನೋಡಿಕೊಂಡು ಬಂದದ್ದು ನೀರನ್ನು.

ತುಮಕೂರು ದಾಟಿ ಅರಸೀಕೆರೆಯ ರಸ್ತೆ ಹಿಡಿದರೆ ಎರಡೂ ಬದಿ ತೆಂಗು, ತೆಂಗಿನ ನೆರಳಲ್ಲಿ ಅಡಿಕೆ. ಗುಬ್ಬಿ ಎಂದ ಕೂಡಲೇ ವೀರಣ್ಣನವರ ನಾಟಕ ಕಂಪನಿ ನೆನಪಾಗದ ಕನ್ನಡಿಗ ಇಲ್ಲ. ಅಲ್ಲಿಂದ ಮುಂದೆ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿಯ ನಿಟ್ಟೂರು. ಆ ಕಡೆಗೇ ತೋಟ ಸರಿದು ಬಯಲು ತೆರೆದುಕೊಳ್ಳುತ್ತದೆ. ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಇರುವುದು ಇಲ್ಲೇ, 615 ಎಕರೆಯಲ್ಲಿ. 2016ರ ಜನವರಿ 3ರಂದು ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ಸೇನೆಗೆ ಬೇಕಾದ ಹಗುರ ಹೆಲಿಕಾಪ್ಟರುಗಳನ್ನು ಮೊದಮೊದಲು ವರ್ಷಕ್ಕೆ 30, ಆಮೇಲೆ 60, 90 ಎಂದು ಕಟ್ಟುವ ಯೋಜನೆ. ಉದ್ದಕ್ಕೂ ಕಾಂಪೌಂಡು ಗೋಡೆ. ಗೋಡೆಯ ಈಚೆ ಹುಲ್ಲಿನಲ್ಲಿ ನಾಲ್ಕು ಕುರಿ, ಅವುಗಳ ಹಿಂದೆ ಟವೆಲ್ ಸುತ್ತಿಕೊಂಡ ಒಬ್ಬ ಹುಡುಗ.

ಆ ಕುರಿಗಳೇ ನನಗೆ ಊರಿನ ಹೆಸರಿನ ಬಾಲವನ್ನು ನೆನಪಿಸಿದ್ದು. ಕಾವಲ್. ಕಾವಲು ಎಂದರೆ ಕಾದಿಟ್ಟ ಹುಲ್ಲುಗಾವಲು. ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳ ನಕ್ಷೆ ಹರಡಿದರೆ ಊರೂರ ಪಕ್ಕ ಈ ಪದ ಕಾಣುತ್ತದೆ. ಹಳೇ ಮೈಸೂರಿನಲ್ಲಿ ಇಂಥ ನೂರಾರು ಕಾವಲುಗಳನ್ನು ಕಾದಿಟ್ಟದ್ದು ದಂಡಿನ ಎತ್ತುಗಳಿಗಾಗಿ. ಚಿಕ್ಕದೇವರಾಜ ಒಡೆಯರು ಕಟ್ಟಿದ ‘ಬೆಣ್ಣೆ ಚಾವಡಿ’ಯನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಆ ಎತ್ತುಗಳನ್ನು ಹೂಡಿಕೊಂಡು ಹೈದರನ ಸೈನ್ಯ ಚಿದಂಬರಂ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತು ಎಂದು ಮೈಸೂರು ಗೆಜೆಟಿಯರ್ ಬರೆದಿಟ್ಟಿದೆ. ಫಿರಂಗಿ ಎಳೆದುಕೊಂಡು 100 ಮೈಲಿ!

ಆ ಗೆಜೆಟಿಯರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾವಲುಗಳ ವಿಂಗಡಣೆ. ಮಳೆಗಾಲದವು, ಚಳಿಗಾಲದವು, ಬೇಸಿಗೆಯವು. ಮೂರರಲ್ಲಿ ಬೆಲೆ ಹೆಚ್ಚು ಬೇಸಿಗೆ ಕಾವಲಿಗೆ, ಏಕೆಂದರೆ ಅಲ್ಲಿ ಮರದ ನೆರಳಿತ್ತು, ಕೆರೆಯಂಗಳದ ಹಸಿರಿತ್ತು. ನೀರು ಇಳಿದ ಕೆರೆಯ ಒಡಲಲ್ಲಿ ಚಿಗುರುವ ಹುಲ್ಲನ್ನು ಮೇಯ್ದ ಎತ್ತು ಫಿರಂಗಿ ಎಳೆಯಿತು. ಮೈಸೂರಿನ ಯುದ್ಧಗಳನ್ನು ನಾವು ಕತ್ತಿ, ರಾಕೆಟ್ಟುಗಳ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಆ ಕಥೆಯ ಬುಡದಲ್ಲಿ ಯಾರೋ ರೈತರು ತೋಡಿದ ಕೆರೆಗಳಿವೆ ಎಂಬುದು ಆ ಬಯಲಿನಲ್ಲಿ ನಿಂತಾಗ ಹೊಳೆಯಿತು. ಹಾಗಾದರೆ ಒಂದು ಕೆರೆಯನ್ನಾದರೂ ನೋಡದೆ ಹಿಂದಿರುಗುವುದು ಹೇಗೆ? ಕಡಬದ ಕಡೆ ತಿರುಗಿದೆ.

ದೇವರಾಯನದುರ್ಗದ ಗುಡ್ಡಗಳಲ್ಲಿ ಹುಟ್ಟುವ ಶಿಂಷಾ ನದಿ ಕಡಬದಲ್ಲಿ ಕೆರೆಯಾಗಿ ನಿಲ್ಲುತ್ತದೆ. ಲಂಕೆಯಿಂದ ಹಿಂದಿರುಗುವಾಗ ಇಲ್ಲಿ ತಂಗಿದ್ದ ರಾಮ ಸೀತೆಯ ಕೋರಿಕೆಯಂತೆ ಈ ಕೆರೆ ಕಟ್ಟಿಸಿದ ಎನ್ನುವುದು ಸ್ಥಳಪುರಾಣ. ಏರಿ ಹತ್ತಿದೆ. ಒಮ್ಮೆಲೇ ಕಣ್ಣು ತುಂಬುವಷ್ಟು ನೀರು. ಒಂದು ಮಗ್ಗುಲಲ್ಲಿ ಆಕಾಶ ಬಿದ್ದಿದೆ, ಇನ್ನೊಂದು ಮಗ್ಗುಲಲ್ಲಿ ಕೆಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ತೆಂಗಿನ ತಲೆಗಳು. ಮರದ ತುದಿಗಿಂತ ಮೇಲೆ ನೀರು ನಿಂತಿದೆ, ನಡುವೆ ಇರುವುದು ಮಣ್ಣಿನ ಒಂದು ದಿಬ್ಬ ಎಂದುಕೊಂಡಾಗ ಕಾಲು ತಾನಾಗಿ ಮೆಲ್ಲಗಾಯಿತು.

ಏರಿಯ ಮೇಲೆ ಒಬ್ಬ ಅಜ್ಜ ಬೀಡಿ ಹಚ್ಚಿಕೊಂಡು ಕೂತಿದ್ದರು.

“ಯಜಮಾನ್ರೆ, ನೀರುಗಂಟಿ ಅಂತ ಈಗಲೂ ಇದಾರಾ?”

“ನಮ್ಮಪ್ಪ ಮಾಡ್ತಿದ್ರು ಸ್ವಾಮಿ. ಈಗೆಲ್ಲಿ?” ಎಂದರು. “ತೂಬು ಎತ್ತೋದು ಇಳಿಸೋದು ದೊಡ್ಡ ಕೆಲ್ಸ ಅಲ್ಲ. ಮಳೆ ರಾತ್ರೀಲಿ ಲಾಟೀನು ಹಿಡ್ಕಂಡು ಏರಿ ತಿರುಗ್ಬೇಕಿತ್ತಲ್ಲ, ಅದು ಕೆಲ್ಸ. ಏಡಿ ಬಿಲ ಐತಾ, ಇಲಿ ತೂತು ಐತಾ, ಎಲ್ಲಾದ್ರೂ ಜಿನುಗ್ತಾ ಐತಾ ಅಂತ. ಬೆರಳಷ್ಟು ಜಿನುಗಿದ್ರೆ ಬೆಳಿಗ್ಗೆ ಹೊತ್ಗೆ ಊರೇ ಇಲ್ಲ.”

“ಕೂಲಿ?”

“ಸುಗ್ಗೀಲಿ ಕಣದಲ್ಲಿ ಇಷ್ಟು ಅಂತ ಭತ್ತ, ರಾಗಿ ಕೊಡೋರು.” ಆಮೇಲೆ ಕೋಡಿಯ ಕಡೆ ಕೈ ತೋರಿಸಿ, “ಅಲ್ಲಿ ಒಂದು ಮೊಳ ಎತ್ತರಿಸಿದ್ರೆ ನಮ್ಗೆ ನೀರು ಜಾಸ್ತಿ ನಿಲ್ತದೆ. ಆದ್ರೆ ಕೆಳಗಿನೋರು ಬಿಟ್ಟಾರಾ? ಕೋಡಿ ಕಲ್ಲು ಮುಟ್ಟೋ ಹಂಗಿಲ್ಲ” ಎಂದರು.

ಕೋಡಿಯ ಕಲ್ಲನ್ನು ಮುಟ್ಟುವ ಹಾಗಿಲ್ಲ. ಅಜ್ಜ ಒಂದು ಬೀಡಿ ಮುಗಿಯುವುದರೊಳಗೆ ಹೇಳಿದ ಈ ಮಾತು ಮೈಸೂರಿನ ಒಬ್ಬ ದೊಡ್ಡ ಮಿಲಿಟರಿ ಎಂಜಿನಿಯರ್ ಕಂಡುಕೊಂಡ ಸತ್ಯವೂ ಹೌದು. ಮದರಾಸು ಎಂಜಿನಿಯರ್ ದಳದ ರಿಚರ್ಡ್ ಸ್ಯಾಂಕಿ 1864ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದ. ಬೆಂಗಳೂರಿನ ಅಠಾರಾ ಕಚೇರಿ, ಕಬ್ಬನ್ ಪಾರ್ಕು ಅವನ ಕಾಲದವು. ಕಟ್ಟುವ ಹುಮ್ಮಸ್ಸಿನವನು. ಆದರೆ ಸಂಸ್ಥಾನದ ಕೆರೆಗಳನ್ನು ಅಭ್ಯಾಸ ಮಾಡಿದ ಮೇಲೆ ಅವನು ದಾಖಲಿಸಿದ್ದು ಒಂದು ವಿಸ್ಮಯವನ್ನು. 27,269 ಚದರ ಮೈಲಿಯ ಮೈಸೂರಿನಲ್ಲಿ ಸುಮಾರು 60 ಪ್ರತಿಶತ ನೆಲವನ್ನು ಜನ ತಮ್ಮ ತಾಳ್ಮೆಯ ದುಡಿಮೆಯಿಂದಲೇ ಕೆರೆಗಳ ವ್ಯವಸ್ಥೆಗೆ ಒಳಪಡಿಸಿದ್ದಾರೆ. ಆ ನೆಲದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದಕ್ಕೇ ಜಾಣತನ ಬೇಕು. ಹುಡುಕಿ ಕಟ್ಟಿದರೂ ಅದು ಕೆಳಗಿನ ಯಾವುದೋ ಕೆರೆಯ ನೀರನ್ನು ಕಸಿದುಕೊಳ್ಳುವುದು ಬಹುಮಟ್ಟಿಗೆ ಖಂಡಿತ. ಇದು ಅವನ ಮಾತಿನ ತಿರುಳು. ಉಳಿದಿದ್ದ ದಾರಿ ಹಳೆಯದನ್ನು ದುರಸ್ತಿ ಮಾಡುವುದು. ಅದನ್ನೂ ಒಂದೊಂದಾಗಿ ಮಾಡಿದರೆ ಆಗದು, ಸರಪಳಿಯಾಗಿಯೇ ಮಾಡಬೇಕು. ಏಕೆಂದರೆ ಮೇಲಿನ ಕೆರೆ ಒಡೆದರೆ ಆ ನೀರಿನ ಹೊಡೆತಕ್ಕೆ ಕೆಳಗಿನವೂ ಸಾಲಾಗಿ ಒಡೆಯುತ್ತವೆ.

ಯುದ್ಧದ ಎಂಜಿನಿಯರಿಗೆ ಕಲಿಸುವುದು ಹೊಳೆ ದಾಟಿಸುವುದನ್ನು, ಗೋಡೆ ಒಡೆಯುವುದನ್ನು, ರಾತ್ರೋರಾತ್ರಿ ಸೇತುವೆ ಎಬ್ಬಿಸುವುದನ್ನು. ಅಂಥವನು ಇಲ್ಲಿ ಬಂದು, ‘ಇನ್ನು ಕಟ್ಟಬೇಡಿ, ಇದ್ದದ್ದನ್ನು ಉಳಿಸಿಕೊಳ್ಳಿ’ ಎನ್ನುವ ತೀರ್ಮಾನಕ್ಕೆ ಬಂದನಲ್ಲ, ಅದು ನನಗೆ ಅವನ ಎಲ್ಲ ಕಟ್ಟಡಗಳಿಗಿಂತ ದೊಡ್ಡದಾಗಿ ಕಂಡಿತು.

ಸೈನ್ಯದ ಎಂಜಿನಿಯರಿಗೂ ನೀರಿಗೂ ಇರುವ ಈ ನಂಟು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದಲ್ಲಿ ದೇಶದ ದೊಡ್ಡ ನದಿಗಳ ಹಡಗು ದಾರಿ, ಪ್ರವಾಹ ತಡೆಯುವ ಕೆಲಸ ಇಂದಿಗೂ ಸೈನ್ಯದ ಎಂಜಿನಿಯರ್ ದಳದ ಕೈಯಲ್ಲಿದೆ. 400ಕ್ಕೂ ಹೆಚ್ಚು ಜಲಾಶಯಗಳನ್ನು ಅವರೇ ನೋಡಿಕೊಳ್ಳುತ್ತಾರೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಈಜಲು, ದೋಣಿ ಬಿಡಲು ಹೋಗುವ ಜನ ಸೈನ್ಯದ ಕೆರೆಗೇ ಹೋಗುತ್ತಾರೆ ಎನ್ನಬೇಕು. ನಮ್ಮಲ್ಲಿ ಆ ಕೆಲಸ ಲೋಕೋಪಯೋಗಿಗೆ, ನೀರಾವರಿ ಇಲಾಖೆಗೆ, ನಿಗಮಗಳಿಗೆ ಹಂಚಿಹೋಯಿತು. ಆದರೂ ನಂಟು ಪೂರ್ತಿ ಕಡಿದಿಲ್ಲ. 1780ರಲ್ಲಿ ಹುಟ್ಟಿ 1834ರಲ್ಲಿ ಬೆಂಗಳೂರಿಗೆ ಬಂದ ಮದ್ರಾಸ್ ಸ್ಯಾಪರ್ಸ್, ಎಲ್ಲರೂ ಪ್ರೀತಿಯಿಂದ ಕರೆಯುವ ‘ತಂಬಿ’ಗಳು, ಹಲಸೂರು ಕೆರೆಯ ದಂಡೆಯಲ್ಲೇ ಇದ್ದಾರೆ. ದೋಣಿ ನಡೆಸುವುದನ್ನು ಅಲ್ಲೇ ಕಲಿಯುತ್ತಾರೆ, ಆ ಕೆರೆಯ ಕಳೆ ಕಿತ್ತದ್ದೂ ಉಂಟು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಂಗಳ ಹೊತ್ತಿ ಉರಿದಾಗ ಆರಿಸಲು ಸಾವಿರಾರು ಯೋಧರು ಇಳಿದರು. ಕೆರೆಗೆ ಬೆಂಕಿ ಬಿತ್ತು, ಆರಿಸಲು ಸೈನ್ಯ ಬಂತು ಎಂದರೆ ಕಡಬದ ಅಜ್ಜ ನಂಬುತ್ತಿದ್ದರೇ? ಹೊಸ ಕೆರೆಗೆ ಜಾಗವಿಲ್ಲ ಎಂದವನ ಹೆಸರನ್ನು 1882ರ ಸ್ಯಾಂಕಿ ಕೆರೆ ಹೊತ್ತಿರುವುದೂ ಬೆಂಗಳೂರಿನಲ್ಲೇ.

ಕಡಬದಿಂದ ಶಿಂಷೆಯ ಬೆನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಎಡೆಯೂರಿನ ಹತ್ತಿರ ಮಾರ್ಕೋನಹಳ್ಳಿ ಜಲಾಶಯ, ಕುಣಿಗಲ್ ತಾಲ್ಲೂಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕೆಲಸ. ನಡುವೆ 139 ಮೀಟರ್ ಕಲ್ಲಿನ ಕಟ್ಟಡ, ಎರಡು ಕಡೆ ಚಾಚಿದ ಮಣ್ಣಿನ ಏರಿ 1,470 ಮೀಟರ್. ನೀರು ಬಂದು ಸೇರುವ ಪ್ರದೇಶ 4,103 ಚದರ ಕಿಲೋಮೀಟರ್. ಅಷ್ಟು ಅಗಲದ ನೆಲದ ಮಳೆ ಒಂದೇ ರಾತ್ರಿ ಬಂದು ಎದೆಗೆ ಬಡಿದರೆ ಗೇಟು ತೆರೆಯಲು ಓಡುವವರು ಯಾರು?

ಯಾರೂ ಓಡಬೇಕಿಲ್ಲ. ಇಲ್ಲಿರುವುದು ತಾನಾಗಿ ತೆರೆದು ತಾನಾಗಿ ಮುಚ್ಚಿಕೊಳ್ಳುವ ಸೈಫನ್ನು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಹೆಸರಿನಲ್ಲಿ ಪುಸ್ತಕಗಳಲ್ಲಿ ದಾಖಲಾಗಿರುವ ಸುಳಿ ಸೈಫನ್ನು. ಟ್ರ್ಯಾಕ್ಟರ್ ಇಟ್ಟುಕೊಂಡ ರೈತನಿಗೆ ಇದರ ಗುಟ್ಟು ಅರ್ಧ ಗೊತ್ತೇ ಇದೆ. ಡ್ರಮ್ಮಿನೊಳಗೆ ಪೈಪು ಇಳಿಬಿಟ್ಟು ಇನ್ನೊಂದು ತುದಿಯನ್ನು ಬಾಯಲ್ಲಿ ಒಮ್ಮೆ ಎಳೆದರೆ ಸಾಕು, ಡೀಸೆಲ್ ದಂಡೆ ಹತ್ತಿ ಇಳಿದು ಸುರಿಯುತ್ತಲೇ ಇರುತ್ತದೆ. ಪೈಪಿನೊಳಗಿನ ಗಾಳಿ ಹೊರಗೆ ಹೋಗಬೇಕು, ಅಷ್ಟೆ. ಅಣೆಕಟ್ಟಿನ ಸೈಫನ್ನಿನ ಗಾಳಿಯನ್ನು ಎಳೆಯುವ ಬಾಯಿ ಎಲ್ಲಿದೆ? ಗಣೇಶ್ ಅಯ್ಯರ್ ಆ ಬಾಯಿಯನ್ನು ನೀರಿನಲ್ಲೇ ಕಂಡರು. ಗುಮ್ಮಟದಂಥ ಮುಚ್ಚಳ, ಒಳಗೆ ಆಲಿಕೆಯಂಥ ಕೊಳವೆ, ಆಲಿಕೆಯ ಅಂಚಿನಲ್ಲಿ ಬಾಗಿದ ಸಣ್ಣ ರೆಕ್ಕೆಗಳು. ನೀರಿನ ಮಟ್ಟ ಅಂಚು ಮೀರಿದಾಗ ಒಳಗೆ ಇಳಿಯುವ ನೀರು ಆ ರೆಕ್ಕೆಗಳ ನಡುವೆ ತಿರುಗಿ ಸುಳಿಯಾಗುತ್ತದೆ. ಸುಳಿ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಬರಿದಾದ ಗಳಿಗೆಯಲ್ಲಿ ಕೊಳವೆ ತುಂಬಿ ಭೋರ್ಗರೆಯುತ್ತದೆ. ಜಲಾಶಯ ಇಳಿದು ಅಂಚಿನ ಬಳಿ ಗಾಳಿ ನುಗ್ಗಿದ ಕೂಡಲೇ ತೆಪ್ಪಗಾಗುತ್ತದೆ. ಗೇಟಿಲ್ಲ, ಕಾವಲುಗಾರನಿಲ್ಲ. ನೀರೇ ನೀರುಗಂಟಿ!

ನಾನು ಹೋದಾಗ ಸೈಫನ್ನು ಸುರಿಯುತ್ತಿತ್ತು. ಆ ಸದ್ದನ್ನು ಕೇಳಿಸಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಹುಡುಗರೂ ಒಂದು ಹಂತದಲ್ಲಿ ಫೋನು ಇಳಿಸಿ ಸುಮ್ಮನಾದರು.

ಹಿಂದಿರುಗುವ ದಾರಿ ಕುಣಿಗಲ್ ಮೇಲೆ. ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರುವ ಆ ದೊಡ್ಡ ಕೆರೆ, ಅದೇ ಊರಿನಲ್ಲಿ ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆ ಬೆಳೆಸಿದ ಸ್ಟಡ್ ಫಾರಂ. ಎತ್ತಿಗೆ ಕಾವಲು, ಕುದುರೆಗೆ ಕುಣಿಗಲ್, ಈಗ ಹೆಲಿಕಾಪ್ಟರಿಗೆ ಬಿದರೆಹಳ್ಳ. ಮುನ್ನೂರು ವರ್ಷದಿಂದ ಸೈನ್ಯ ತನ್ನ ಓಟದ ಕಾಲುಗಳನ್ನು ಈ ಸೀಮೆಯಿಂದ ಪಡೆಯುತ್ತಲೇ ಇದೆ. ಕಾಲು ಬದಲಾಯಿತು, ನೀರಿನ ಲೆಕ್ಕ ಬದಲಾಗಲಿಲ್ಲ.

ಈಗ ಗುಬ್ಬಿಯ ಕೆರೆಗಳಿಗೆ ಗೊರೂರಿನಿಂದ ಹೇಮಾವತಿ ನಾಲೆ ನೀರು ತರುತ್ತದೆ. ಆ ನೀರನ್ನು ನಡುದಾರಿಯಲ್ಲೇ ಪೈಪಿನಲ್ಲಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನ ರೈತರು ಬೀದಿಗಿಳಿದರು. ಕುಣಿಗಲ್ಲಿನವರದೂ ಬಾಯಾರಿಕೆಯೇ, ಗುಬ್ಬಿಯವರದೂ ಭಯವೇ. ಯಾರ ಪರ ನಿಂತರೂ ಸ್ಯಾಂಕಿಯ ಮಾತನ್ನು ದಾಟಿ ಹೋಗಲಾಗದು: ಈ ನೆಲದಲ್ಲಿ ಯಾರಿಗೂ ಸೇರದ ನೀರು ಎಂಬುದಿಲ್ಲ. ಎಲ್ಲಿಂದ ತೆಗೆದರೂ ಅದು ಇನ್ನೊಬ್ಬರ ಕೆರೆಯದು.

ಮಾರ್ಕೋನಹಳ್ಳಿಯ ಸೈಫನ್ನು ನೋಡಬೇಕೆಂದು ನಿಮಗೂ ಅನಿಸಿದರೆ ಮಳೆಗಾಲ ಮುಗಿಯುವ ಹೊತ್ತಿಗೆ ಹೊರಡಿ. ನೇರವಾಗಿ ಹೋಗಬೇಡಿ, ಕಡಬದ ಏರಿಯ ಮೇಲೆ ಸ್ವಲ್ಪ ಹೊತ್ತು ಕೂತು, ಕೋಡಿ ಹರಿಯುತ್ತಿದೆಯೇ ಎಂದು ಅಲ್ಲಿಯವರನ್ನು ವಿಚಾರಿಸಿಕೊಂಡು ಹೋಗಿ. ಕೆಳಗಿನ ನೀರಿನ ಸುದ್ದಿ ಮೊದಲು ಗೊತ್ತಾಗುವುದು ಮೇಲಿನವರಿಗೇ.