ಕಿಟೆಲ್ ಕಣ್ಮುಚ್ಚಿದ ಊರಲ್ಲಿ ಮೊಸರನ್ನ

ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಟ್ಯೂಬಿಂಗನ್ ಸಿಗುತ್ತದೆ. ನೆಕಾರ್ ನದಿಯ ದಂಡೆ, ಚೂಪು ಮಾಡಿನ ಹಳೆಯ ಮನೆಗಳು, ಏರಿಳಿಯುವ ಕಲ್ಲುಹಾಸಿನ ಓಣಿಗಳು. 1477ರಲ್ಲಿ ಆರಂಭವಾದ ವಿಶ್ವವಿದ್ಯಾಲಯವೇ ಊರಿನ ಜೀವ. ಇಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ವಿದ್ಯಾರ್ಥಿ. ಕನ್ನಡಕ್ಕೂ ಈ ಊರಿಗೂ ಹಳೆಯ ನಂಟು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಇಲ್ಲಿಯೇ.

ಇಂದು ಕರ್ನಾಟಕದಿಂದ ಇಂಥ ಊರುಗಳಿಗೆ ಓದಲು ಹೋಗುವ ಮಕ್ಕಳ ಸೂಟ್‌ಕೇಸಿನಲ್ಲಿ ನಿಘಂಟು ಇರುವುದಿಲ್ಲ. ಚಟ್ನಿಪುಡಿ, ಸಾರಿನ ಪುಡಿ, ಪುಟ್ಟ ಕುಕ್ಕರು ಇರುತ್ತವೆ. ತುಪ್ಪದ ಡಬ್ಬಿಗೆ ಮಾತ್ರ ಪ್ರವೇಶವಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಸುಂಕದವರ ಕಣ್ಣಿಗೆ ಬಿದ್ದರೆ ಅಮ್ಮ ಕಾಯಿಸಿ ಕೊಟ್ಟ ತುಪ್ಪ ವಿಮಾನ ನಿಲ್ದಾಣದಲ್ಲೇ ಉಳಿಯಿತೆಂದು ತಿಳಿಯಬೇಕು.

ಮೊದಲ ವಾರದ ಫೋನ್ ಮಾತುಕತೆ ಎಲ್ಲ ಮನೆಗಳಲ್ಲೂ ಒಂದೇ ತರಹ.

“ರಾತ್ರಿ ಏನು ಊಟ ಮಾಡಿದೆ, ಪುಟ್ಟಾ?”

“ಬ್ರೆಡ್ ತಿಂದೆ, ಅಮ್ಮ.”

ಅಷ್ಟಕ್ಕೇ ಅಮ್ಮನ ಕರುಳು ಚುರ್ರೆನ್ನುತ್ತದೆ. ನಮ್ಮಲ್ಲಿ ಬ್ರೆಡ್ ಎಂದರೆ ಜ್ವರ ಬಂದವರ ಪಥ್ಯ. ಆಸ್ಪತ್ರೆಗೆ ನೋಡಲು ಹೋಗುವಾಗ ಒಯ್ಯುವ ವಸ್ತು. ಮಗು ಪರದೇಶದಲ್ಲಿ ದಿನಾ ರಾತ್ರಿ ಅದನ್ನೇ ತಿನ್ನುವುದೆಂದರೆ?

ಆದರೆ ಜರ್ಮನಿಯ ಬ್ರೆಡ್ಡಿಗೂ ನಮ್ಮ ಬೇಕರಿಯ ಬಿಳಿ ಬ್ರೆಡ್ಡಿಗೂ ಹೆಸರು ಬಿಟ್ಟರೆ ಹೋಲಿಕೆ ಕಡಿಮೆ. ಅಲ್ಲಿ ದಾಖಲಾಗಿರುವ ಬ್ರೆಡ್ಡಿನ ಬಗೆಗಳೇ 3,000ಕ್ಕೂ ಹೆಚ್ಚು. ರೈ ಎಂಬ ಧಾನ್ಯದ ಹಿಟ್ಟು ಹುಳಿ ಬರದೆ ಬ್ರೆಡ್ಡಾಗಿ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಹಿಂದಿನ ಹಿಟ್ಟಿನಲ್ಲಿ ಸ್ವಲ್ಪ ಉಳಿಸಿಕೊಂಡು ಹೊಸದಕ್ಕೆ ಬೆರೆಸಿ ಹುದುಗಲು ಬಿಡುತ್ತಾರೆ. ದೋಸೆಹಿಟ್ಟು ಹುಳಿ ಬರಲೆಂದು ಕಾದವರಿಗೆ ಇದೇನು ಹೊಸದಲ್ಲ! ಕಂದು ಬಣ್ಣ, ಗಟ್ಟಿ ಸಿಪ್ಪೆ, ಕೈಯಲ್ಲಿ ಹಿಡಿದರೆ ಭಾರ. ಎರಡು ಹೋಳು ತಿಂದರೆ ರಾಗಿಮುದ್ದೆಯಂತೆ ಹೊಟ್ಟೆಯಲ್ಲಿ ನಿಲ್ಲುತ್ತದೆ. ಮೊದಮೊದಲು ಆ ಹುಳಿ ನಾಲಿಗೆಗೆ ಹಿಡಿಸದು, ನಿಜ. ಬೆಣ್ಣೆ, ಚೀಸು, ಸೌತೆಕಾಯಿ ಹೋಳಿನ ಜೊತೆ ಒಂದು ತಿಂಗಳು ತಿಂದವರು ಊರಿಗೆ ರಜೆಯಲ್ಲಿ ಬಂದಾಗ ಅದನ್ನು ನೆನೆಸಿಕೊಂಡರೆ ಆಶ್ಚರ್ಯವಿಲ್ಲ.

ಅನೇಕ ಮನೆಗಳಲ್ಲಿ ಬಿಸಿ ಊಟ ಮಧ್ಯಾಹ್ನಕ್ಕೆ, ರಾತ್ರಿಗೆ ತಣ್ಣಗಿನ ಬ್ರೆಡ್ಡು. ಇದನ್ನು ‘ಆಬೆಂಡ್‌ಬ್ರೋಟ್’, ಅಂದರೆ ಸಂಜೆಯ ಬ್ರೆಡ್ಡು, ಎಂದೇ ಕರೆಯುತ್ತಾರೆ. ಈ ಲೆಕ್ಕ ತಿಳಿದ ವಿದ್ಯಾರ್ಥಿ ಮಧ್ಯಾಹ್ನ ‘ಮೆನ್ಸಾ’ಗೆ, ಅಂದರೆ ವಿಶ್ವವಿದ್ಯಾಲಯದ ರಿಯಾಯಿತಿ ದರದ ಊಟದ ಮನೆಗೆ ಹೋಗಿ ಬಿಸಿಯಾದದ್ದನ್ನು ಹೊಟ್ಟೆ ತುಂಬ ಉಣ್ಣುತ್ತಾನೆ. ತಿಳಿಯದವನು ಮಧ್ಯಾಹ್ನ ಬಿಸ್ಕತ್ತು ತಿಂದು, ರಾತ್ರಿ ಹತ್ತಕ್ಕೆ ಹಾಸ್ಟೆಲಿನ ಹಂಚಿಕೆಯ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿ, ಹೊಗೆ ಕಂಡರೆ ಕಿರುಚುವ ಯಂತ್ರವನ್ನು ಎಬ್ಬಿಸುತ್ತಾನೆ.

ಹಾಗೆಂದು ಮೊಸರನ್ನ ಬಿಡಬೇಕಾದ್ದಿಲ್ಲ. ಯಾವುದೇ ಸೂಪರ್‌ಮಾರ್ಕೆಟ್ಟಿನ ಹಾಲಿನ ಸಾಲಿಗೆ ಹೋಗಿ ನಿಂತರೆ ಸಾಕು. ‘ಬುಟರ್‌ಮಿಲ್ಶ್’ ಎಂಬುದು ಹುಳಿ ಮಜ್ಜಿಗೆ. ನೀರು, ಉಪ್ಪು, ಶುಂಠಿ ಸೇರಿದರೆ ಥೇಟ್ ಮನೆಯದೇ. ‘ಷ್ಟಿಶ್‌ಫೆಸ್ಟ್’ ಎಂದು ಬರೆದ ಯೋಗರ್ಟ್ ಡಬ್ಬಿಯಲ್ಲೇ ಹೆಪ್ಪುಗಟ್ಟಿದ ಮೊಸರು. ‘ಕ್ವಾರ್ಕ್’ ಅನ್ನು ಶ್ರೀಖಂಡಕ್ಕೆಂದು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿನ ಜಾಗದಲ್ಲಿ ಬಳಸಬಹುದು. ಹಾಲಿನ ಪಾಯಸಕ್ಕೆ ಜರ್ಮನರು ಕೊಳ್ಳುವ ‘ಮಿಲ್ಶ್‌ರೈಸ್’ ಗುಂಡಕ್ಕಿ. ಮೆತ್ತಗೆ ಬೆಂದು ಮೊಸರಿಗೆ ಚೆನ್ನಾಗಿ ಹೊಂದುತ್ತದೆ. ಉಪ್ಪಿಟ್ಟಿನ ರವೆಯ ಹೆಸರು ‘ಗ್ರೀಸ್’. ಗಾಡಿಗೆ ಹಾಕುವ ಗ್ರೀಸಲ್ಲ, ಗಾಬರಿ ಬೇಡ. ಕರಾವಳಿಯವರೋ ಬಯಲುಸೀಮೆಯವರೋ, ಬೆಂಡೆಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿಗೆ ತುರ್ಕಿಯವರ ಅಂಗಡಿಯನ್ನು ಹುಡುಕುತ್ತಾರೆ. 1961ರ ಒಪ್ಪಂದದ ನಂತರ ಕಾರ್ಮಿಕರಾಗಿ ಬಂದು ನೆಲೆಸಿದ ತುರ್ಕಿ ಜನರ ಉಪಕಾರ ಇದು.

ಮತ್ತೆ ತುಪ್ಪ? ಅದೂ ಇದೆ. ‘ಬುಟರ್‌ಷ್ಮಾಲ್ಟ್ಸ್’ ಎಂದರೆ ಬೆಣ್ಣೆ ಕಾಯಿಸಿದ ತುಪ್ಪ. ಆದರೆ ಇಲ್ಲಿ ಎಚ್ಚರ ಬೇಕು. ಮುಂದಿನ ‘ಬುಟರ್’ ಇಲ್ಲದೆ ಬರೀ ‘ಷ್ಮಾಲ್ಟ್ಸ್’ ಎಂದಿದ್ದರೆ ಅದು ಸಾಮಾನ್ಯವಾಗಿ ಹಂದಿಯ ಕೊಬ್ಬು. ಸಸ್ಯಾಹಾರಿ ಮನೆಯ ಮಕ್ಕಳು ವಿಮಾನ ಹತ್ತುವ ಮೊದಲೇ ಬಾಯಿಪಾಠ ಮಾಡಬೇಕಾದ ಮಾತು ಇದು. ಅದರ ಪಕ್ಕದಲ್ಲೇ ‘ಗೆಲಾಟೀನೆ’ ಎಂಬ ಪದವನ್ನೂ ಬರೆದುಕೊಳ್ಳಲಿ. ಹಣ್ಣಿನ ಕೆಲವು ಮೊಸರುಗಳಲ್ಲಿ, ಮಕ್ಕಳು ಚಪ್ಪರಿಸುವ ಅಂಟುಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ.

ಟ್ಯೂಬಿಂಗನ್ ಇರುವ ಶ್ವಾಬಿಯಾ ಸೀಮೆಯ ಹೆಸರಾಂತ ತಿನಿಸು ‘ಮೌಲ್‌ಟಾಷೆ’ಯೂ ಹಾಗೆಯೇ. ಹೊರನೋಟಕ್ಕೆ ಕಡುಬು, ಒಳಗೆ ಪಾಲಕ್ ಸೊಪ್ಪಿನೊಂದಿಗೆ ಮಾಂಸ. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಮಾಂಸ ಬೀಳದಿರಲೆಂದು ಹಿಟ್ಟಿನಲ್ಲಿ ಅಡಗಿಸಿದರಂತೆ. ಆಡುಮಾತಿನಲ್ಲಿ ಅದಕ್ಕೆ ‘ದೇವರಿಗೆ ಟೋಪಿ ಹಾಕುವ ತಿನಿಸು’ ಎಂಬರ್ಥದ ಅಡ್ಡಹೆಸರೇ ಇದೆ. ದೇವರೇ ಮೋಸ ಹೋಗುವಲ್ಲಿ ಹೊಸ ವಿದ್ಯಾರ್ಥಿಯ ಪಾಡೇನು? ಇಲ್ಲಿಯ ಜನ ಬೇಳೆಯನ್ನೂ ಉಣ್ಣುತ್ತಾರೆ, ಹುಳಿಗೆ ವಿನೆಗರ್ ಹಾಕಿ, ‘ಷ್ಪೆಟ್ಸ್ಲೆ’ ಎಂಬ ಶಾವಿಗೆಯಂಥದರ ಜೊತೆಗೆ. ನೋಡಿದರೆ ನಮ್ಮ ಹುಳಿಯ ನೆಂಟನೇ. ಆದರೆ ಹಂದಿಮಾಂಸದ ಚೂರು ಬೀಳುವುದುಂಟು. ಕೇಳಿಯೇ ತಿನ್ನಬೇಕು. ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಹಣದ ಲೆಕ್ಕವೂ ಉಂಟು. ಟ್ಯೂಬಿಂಗನ್ ನಗರಸಭೆ 2022ರಿಂದ, ಬಳಸಿ ಎಸೆಯುವ ಪ್ರತಿ ಲೋಟ, ತಟ್ಟೆಗೆ 50 ಸೆಂಟ್, ಚಮಚ ಮುಳ್ಳುಚಮಚಕ್ಕೆ 20 ಸೆಂಟ್ ತೆರಿಗೆ ಹಾಕಿದೆ. ದಾವೆ ಸಂವಿಧಾನ ನ್ಯಾಯಾಲಯದವರೆಗೂ ಹೋಗಿ, 2025ರಲ್ಲಿ ತೀರ್ಪು ನಗರಸಭೆಯ ಕಡೆಗೇ ಬಂತು. ಊರಿಂದ ಒಯ್ದ ಸ್ಟೀಲ್ ಡಬ್ಬಿಗೆ ಹೀಗೂ ಬೆಲೆ ಬಂದಿದೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಬಾಟಲಿ ಕೊಂಡರೆ ಬಹಳಷ್ಟು ಸಲ ಸೋಡಾದಂತೆ ಮೂಗಿಗೆ ಏರುತ್ತದೆ. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಮರೆತವರಿಗೆ ಭಾನುವಾರ ಚಟ್ನಿಪುಡಿಯೇ ಗತಿ.

ಇನ್ನು ಕಾಫಿ. ‘ಫಿಲ್ಟರ್ ಕಾಫಿ’ ಎಂದು ಆಸೆಯಿಂದ ಕೇಳಿದವರ ಮುಂದೆ ದೊಡ್ಡ ಕಪ್ಪಿನಲ್ಲಿ ತೆಳ್ಳಗಿನ ಕರಿ ದ್ರವ ಬಂದು ಕೂರುತ್ತದೆ. ಹೆಸರಿನಲ್ಲಿ ಮೋಸವಿಲ್ಲ. 1908ರಲ್ಲಿ ಡ್ರೆಸ್ಡೆನ್ನಿನ ಗೃಹಿಣಿ ಮೆಲಿಟಾ ಬೆಂಟ್ಸ್, ತೂತು ಮಾಡಿದ ಪಾತ್ರೆಯಲ್ಲಿ ಮಗನ ನೋಟ್‌ಬುಕ್ಕಿನ ಮಸಿಕಾಗದ ಇಟ್ಟು ಕಾಫಿ ಸೋಸಿದಳು. ಕಾಗದದ ಫಿಲ್ಟರಿನ ಉದ್ಯಮವೇ ಅದರಿಂದ ಬೆಳೆಯಿತು. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿಯ ಕಥೆಯಲ್ಲೂ ಜರ್ಮನರಿದ್ದಾರೆ. ಪ್ರಶ್ಯದ ದೊರೆ ಎರಡನೆಯ ಫ್ರೆಡರಿಕ್, ಕಾಫಿಬೀಜಕ್ಕೆ ದೇಶದ ಹಣ ಹೊರಹೋಗುತ್ತದೆಂದು 1781ರಲ್ಲಿ ಹುರಿಯುವ ಹಕ್ಕನ್ನೇ ಸರ್ಕಾರದ ಕೈಗೆ ತೆಗೆದುಕೊಂಡ. ಕದ್ದು ಹುರಿಯುವವರನ್ನು ವಾಸನೆಯಿಂದಲೇ ಹಿಡಿಯಲು ಮಾಜಿ ಸೈನಿಕರನ್ನು ಬೀದಿಗೆ ಬಿಟ್ಟ! ಬಡವರು ಚಿಕೋರಿ ಬೇರನ್ನು ಹುರಿದು ಕುಡಿದರು.

ಅದೇ ದೊರೆ ದೇಶದ ವಾಯವ್ಯ ಮೂಲೆಯ ಪೂರ್ವ ಫ್ರೀಸಿಯಾ ಸೀಮೆಯವರಿಗೆ ಚಹಾ ಬಿಡಿಸಲೂ ನೋಡಿದ, ಆಗಲಿಲ್ಲ. ಕಿಟೆಲ್ 1832ರಲ್ಲಿ ಹುಟ್ಟಿದ್ದು ಆ ಸೀಮೆಯಲ್ಲಿ. ಅಲ್ಲಿ ಈಗಲೂ ಹೆಚ್ಚಾಗಿ ಅಸ್ಸಾಮಿನ ಎಲೆಯ ಕಡು ಚಹಾವೇ. ತೆಳು ಪಿಂಗಾಣಿ ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ, ಹೌದು, ನಮ್ಮ ಕಲ್ಲುಸಕ್ಕರೆಯೇ. ಬಿಸಿ ಚಹಾ ಸುರಿದಾಗ ಅದು ಚಟಚಟ ಎನ್ನಬೇಕು. ಮೇಲೆ ಅಂಚಿನಲ್ಲಿ ಒಂದು ಪುಟ್ಟ ಸೌಟು ಕೆನೆ. ಕಲಕುವಂತಿಲ್ಲ. ಮೊದಲ ಗುಟುಕು ಕೆನೆ, ನಂತರ ಕಹಿ, ಕೊನೆಗೆ ಸಿಹಿ. ಮೂರು ಬಟ್ಟಲು ಕುಡಿಯುವುದು ಅಲ್ಲಿಯ ಮರ್ಯಾದೆ. ಸಾಕೆನಿಸಿದರೆ ಬಾಯಲ್ಲಿ ಹೇಳಬೇಕಿಲ್ಲ. ಚಮಚವನ್ನು ಬಟ್ಟಲೊಳಗೆ ಇಟ್ಟರಾಯಿತು. ಇಡದಿದ್ದರೆ ಮನೆಯೊಡತಿ ಸುರಿಯುತ್ತಲೇ ಇರುತ್ತಾಳೆ.